ಎಂಜಿನಿಯರಿಂಗ್ ರೇಖಾಚಿತ್ರದಲ್ಲಿ ಅಳತೆಯ ಪದ್ಧತಿಗಳು

ಎಂಜಿನಿಯರಿಂಗ್ ರೇಖಾಚಿತ್ರದಲ್ಲಿ ಅಳತೆಯ ಪದ್ಧತಿಗಳು ಎಂದರೆ ಯಂತ್ರಭಾಗ, ಕಟ್ಟಡ ಮೊದಲಾದವುಗಳ ನಕ್ಷೆಗಳಲ್ಲಿ ಉದ್ದ, ವ್ಯಾಸ ಇತ್ಯಾದಿಗಳನ್ನು ನಮೂದಿಸಲು ಬಳಸುವ ಏಕಮಾನ ವ್ಯವಸ್ಥೆಗಳು. ಇಂದು ಮುಖ್ಯವಾಗಿ ಮೆಟ್ರಿಕ್ ಪದ್ಧತಿ ಮತ್ತು ಇಂಚಿನ ಪದ್ಧತಿ ಬಳಕೆಯಲ್ಲಿವೆ. ನಕ್ಷೆಯನ್ನು ರಚಿಸುವವರು ಮತ್ತು ಅದನ್ನು ನೋಡಿ ವಸ್ತುವನ್ನು ತಯಾರಿಸುವವರು ಸಾಮಾನ್ಯವಾಗಿ ಬೇರೆಬೇರೆಯವರಾದ್ದರಿಂದ, ಬಳಸಿದ ಪದ್ಧತಿ ಯಾವುದೆಂಬುದು ನಕ್ಷೆಯಲ್ಲಿಯೇ ಸ್ಪಷ್ಟವಾಗಿರಬೇಕು.

ಮೆಟ್ರಿಕ್ ಪದ್ಧತಿ

ಯಂತ್ರಭಾಗಗಳ ನಕ್ಷೆಗಳಲ್ಲಿ ಅಳತೆಗಳನ್ನು ಮಿಲಿಮೀಟರುಗಳಲ್ಲಿ ಕೊಡಲಾಗುತ್ತದೆ. ಪ್ರತಿ ಅಂಕಿಯ ಮುಂದೆಯೂ 'ಮಿ.ಮೀ.' ಎಂದು ಬರೆಯುವ ಬದಲು, ಎಲ್ಲ ಅಳತೆಗಳೂ ಮಿಲಿಮೀಟರಿನಲ್ಲಿವೆ ಎಂಬ ಒಂದೇ ಸೂಚನೆಯನ್ನು ನಕ್ಷೆಯಲ್ಲಿ ನಮೂದಿಸುವುದು ರೂಢಿ. ಒಂದಕ್ಕಿಂತ ಕಡಿಮೆಯಾದ ಅಳತೆಯನ್ನು 0.5 ಎಂದು, ದಶಮಾಂಶ ಬಿಂದುವಿನ ಹಿಂದೆ ಸೊನ್ನೆಯಿಟ್ಟು ಬರೆಯುತ್ತಾರೆ.

ಇಂಚಿನ ಪದ್ಧತಿ

ಈ ಪದ್ಧತಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಹೆಚ್ಚಾಗಿ ಬಳಕೆಯಲ್ಲಿದೆ. ಅಲ್ಲಿನ ಎ.ಎಸ್.ಎಂ.ಇ. ವೈ14.5 ಮಾನಕದಂತೆ ಇಂಚಿನ ಅಳತೆಯಲ್ಲಿ ಬಿಂದುವಿನ ಹಿಂದೆ ಸೊನ್ನೆ ಬರೆಯುವುದಿಲ್ಲ, ಅರ್ಧ ಇಂಚು.5 ಎಂದಾಗುತ್ತದೆ. ಕಟ್ಟಡದ ನಕ್ಷೆಗಳಲ್ಲಿ ಅಡಿ, ಇಂಚು ಮತ್ತು ಭಿನ್ನರಾಶಿಗಳು ಬಳಕೆಯಾಗುತ್ತವೆ. 1959ರಲ್ಲಿ ಅಮೆರಿಕ, ಬ್ರಿಟನ್ ಸೇರಿದಂತೆ ಆರು ದೇಶಗಳ ಒಪ್ಪಂದದ ಮೂಲಕ ಒಂದು ಇಂಚನ್ನು ನಿಖರವಾಗಿ 25.4 ಮಿ.ಮೀ. ಎಂದು ನಿಗದಿಪಡಿಸಲಾಯಿತು.

ಪರಿವರ್ತನೆಯ ತೊಡಕು

ಎರಡು ಪದ್ಧತಿಗಳ ಅಳತೆಗಳು ಹತ್ತಿರವಿದ್ದರೂ ಒಂದರ ಬದಲಿಗೆ ಇನ್ನೊಂದನ್ನು ಬಳಸಲಾಗದು. ಉದಾಹರಣೆಗೆ, ಸಾಮಾನ್ಯ ಎಂ10 ಬೋಲ್ಟಿನ ವ್ಯಾಸ 10 ಮಿ.ಮೀ., ಒಂದು ಥ್ರೆಡ್ಡಿನಿಂದ ಮುಂದಿನದಕ್ಕಿರುವ ಅಂತರ 1.5 ಮಿ.ಮೀ. ಇಂಚಿಗೆ 16 ಥ್ರೆಡ್ಡುಗಳಿರುವ 3/8 ಇಂಚಿನ ಬೋಲ್ಟಿನ ವ್ಯಾಸ 9.525 ಮಿ.ಮೀ., ಅಂತರ 1.5875 ಮಿ.ಮೀ. ನೋಟಕ್ಕೆ ಎರಡೂ ಒಂದೇ ಬಗೆಯವಾಗಿ ಕಂಡರೂ ಒಂದರ ನಟ್ಟು ಮತ್ತೊಂದರ ಬೋಲ್ಟಿಗೆ ಸರಿಯಾಗಿ ಕೂರುವುದಿಲ್ಲ. ಬಲವಂತವಾಗಿ ತಿರುಗಿಸಿದರೆ ಥ್ರೆಡ್ ಕೆಟ್ಟು ಜೋಡಣೆ ದುರ್ಬಲವಾಗುತ್ತದೆ. ಆದಕಾರಣ ಪರಿವರ್ತಿಸಿದ ಅಳತೆಯನ್ನು ಮನಬಂದಂತೆ ಪೂರ್ಣಾಂಕಕ್ಕೆ ಇಳಿಸಬಾರದು. ತಯಾರಿಕೆಯಲ್ಲಿ ಎಷ್ಟು ವ್ಯತ್ಯಾಸಕ್ಕೆ ಅವಕಾಶವಿದೆ ಎಂಬುದನ್ನು ಗಮನಿಸಬೇಕು.

ಭಾರತದಲ್ಲಿ

ಭಾರತವು 1956ರ ತೂಕ ಮತ್ತು ಅಳತೆಗಳ ಮಾನಕ ಕಾಯಿದೆಯ ಮೂಲಕ ಮೆಟ್ರಿಕ್ ಪದ್ಧತಿಯನ್ನು ಅಂಗೀಕರಿಸಿತು. ಶಾಲಾ ಕಾಲೇಜುಗಳ ರೇಖಾಚಿತ್ರ ಕಲಿಕೆಗೆ ಭಾರತೀಯ ಮಾನಕ ಬ್ಯೂರೋದ ಎಸ್.ಪಿ. 46 ಕೈಪಿಡಿ ಮಾರ್ಗದರ್ಶಿಯಾಗಿದೆ. ಆದರೂ ಮಾರುಕಟ್ಟೆಯ ಮಾತಿನಲ್ಲಿ ಇಂಚು ಉಳಿದುಕೊಂಡಿದೆ: ನಕ್ಷೆಯಲ್ಲಿ 15 ಮಿ.ಮೀ. ಎಂದು ಸೂಚಿಸಿದ ನೀರಿನ ಕೊಳವೆಯನ್ನು ಅಂಗಡಿಯಲ್ಲಿ 'ಅರ್ಧ ಇಂಚಿನ ಪೈಪು' ಎಂದೇ ಕೇಳುತ್ತಾರೆ.