ಮೇಷ್ಟ್ರುಗಳಿಗೆ ಪಾಠ ಹೇಳುವ ದಿನ

1860ರಲ್ಲಿ ಬೆಂಗಳೂರು ಹೈಸ್ಕೂಲಿಗೆ ಹೊಸ ಹೆಡ್‌ಮಾಸ್ಟರ್ ಬಂದರು. ಹೆಸರು ಬೆಂಜಮಿನ್ ಲೂಯಿಸ್ ರೈಸ್. ಪಾದ್ರಿಯೊಬ್ಬರ ಮಗನಾಗಿ 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ಇಂಗ್ಲೆಂಡಿನಲ್ಲಿ ಓದು ಮುಗಿಸಿ ಹುಟ್ಟಿದೂರಿಗೆ ಮರಳಿದ್ದರು. ವಯಸ್ಸು 23ರ ಆಸುಪಾಸು. ಸಾವಿರಾರು ಶಾಸನಗಳನ್ನು ಓದಿ ಅಚ್ಚು ಹಾಕಿಸಿದ ರೈಸ್ ನಮಗೆಲ್ಲ ಗೊತ್ತು. ಅದಕ್ಕೂ ಮುಂಚೆ ಅವರು ಶಾಲೆಯ ಮನುಷ್ಯ ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ನನಗೆ ಕುತೂಹಲವಿರುವುದು ಆ ರೈಸ್ ಬಗ್ಗೆ.

1865ರಲ್ಲಿ ಅವರು ಶಾಲೆಗಳ ಇನ್‌ಸ್ಪೆಕ್ಟರ್ ಆದರು. ಕುದುರೆ ಹತ್ತಿ ಊರೂರು ತಿರುಗುವ ಕೆಲಸ ಅದು. 1868ರಲ್ಲಿ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ಹೊಣೆ ಅವರ ಮೇಲೆ ಬಿತ್ತು. ಆ ಹೊತ್ತಿನ ದೊಡ್ಡ ಯೋಜನೆಯೆಂದರೆ ಹೋಬಳಿ ಶಾಲೆ: ಪ್ರತಿ ಹೋಬಳಿಗೂ ಒಂದು ಕನ್ನಡ ಶಾಲೆ ಇರಬೇಕು ಎಂಬ ಆಸೆ. ಕಟ್ಟಡ ಹೇಗೋ ಆಗುತ್ತದೆ, ಚಾವಡಿಯಲ್ಲೋ ಗುಡಿಯ ಜಗಲಿಯಲ್ಲೋ ಮಕ್ಕಳನ್ನು ಕೂರಿಸಬಹುದು. ಮೇಷ್ಟ್ರು ಎಲ್ಲಿಂದ ಬರಬೇಕು? 1854ರ ವುಡ್ ವರದಿಯೇ ಶಿಕ್ಷಕರ ತರಬೇತಿಗೆ ಒತ್ತು ಕೊಟ್ಟಿತ್ತು. ಅದಕ್ಕಾಗಿ ನಾರ್ಮಲ್ ಶಾಲೆಗಳು ಬಂದವು. ಮಕ್ಕಳಿಗೆ ಕಲಿಸುವವರು ಮೊದಲು ತಾವೇ ಬೆಂಚಿನ ಮೇಲೆ ಕೂರಬೇಕಾಯಿತು.

ಹಾಗೆ ಕೂರುವುದು ಏನು ಸಣ್ಣ ಮಾತೇ? ಆಗ ಹಳ್ಳಿಯಲ್ಲಿ ವಿದ್ಯೆ ಎಂದರೆ ಕೂಲಿಮಠ. ಅಲ್ಲಿ ಐಗಳು ಹೇಳಿದ್ದೇ ವೇದವಾಕ್ಯ. ಮರಳಿನ ಮೇಲೆ ಬೆರಳಲ್ಲಿ ತಿದ್ದಿಸಿ ಅಕ್ಷರ, ಒಟ್ಟಾಗಿ ಕೂಗಿಸಿ ಮಗ್ಗಿ, ಬಾಯಿಪಾಠವಾಗಿ ಅಮರಕೋಶ, ಆಮೇಲೆ ಲೆಕ್ಕ, ಓಲೆ, ಕಡತ. ಕೋಲೂ ಇತ್ತು. ಜಾತಿಯ ಬೇಲಿಯೂ ಇತ್ತು. ಎಷ್ಟೋ ಮಕ್ಕಳಿಗೆ, ಹೆಣ್ಣುಮಕ್ಕಳಿಗಂತೂ, ಆ ಜಗಲಿ ಹತ್ತುವ ಅವಕಾಶವೇ ಇರಲಿಲ್ಲ. ಆದ್ದರಿಂದ ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುವುದಿಲ್ಲ. ಆದರೆ ಮಗ್ಗಿಯಲ್ಲಿ, ಬಾಯಿಲೆಕ್ಕದಲ್ಲಿ ಆ ಐಗಳಿಗೆ ಇದ್ದ ಹಿಡಿತ ಸುಳ್ಳಲ್ಲ. ಹೊಸ ತರಬೇತಿ ಅವರಿಗೆ ನಕಾಶೆ, ಕಪ್ಪುಹಲಗೆ, ತರಗತಿಯ ವಿಂಗಡಣೆ, ವೇಳಾಪಟ್ಟಿ ಎಲ್ಲವನ್ನೂ ಕೊಟ್ಟಿತು. ‘ನಿಮಗೆ ಏನು ಗೊತ್ತು?’ ಎಂದು ಮಾತ್ರ ಕೇಳಿತೋ ಇಲ್ಲವೋ. ಶಿಕ್ಷಕರ ತರಬೇತಿಯ ಚರಿತ್ರೆಯಲ್ಲಿ ಇಂದಿಗೂ ಮುಗಿಯದ ಜಗಳ ಇದೇ ಎಂದು ನನ್ನ ಅನಿಸಿಕೆ.

ಅದೇ ಕಾಲಕ್ಕೆ ಮುಂಬಯಿ ಪ್ರಾಂತದ ಧಾರವಾಡದಲ್ಲಿ ಇನ್ನೊಬ್ಬರು ಈ ಪ್ರಶ್ನೆಯನ್ನು ಬೇರೆ ಕಡೆಯಿಂದ ಹಿಡಿದಿದ್ದರು. ಅವರು ಡೆಪ್ಯೂಟಿ ಚನ್ನಬಸಪ್ಪ. ಕನ್ನಡ ಸೀಮೆಯ ಶಾಲೆಗಳಲ್ಲಿ ಮರಾಠಿಯೇ ಮೆರೆಯುತ್ತಿದ್ದ ದಿನಗಳು ಅವು. ಶಿಕ್ಷಕರ ತರಬೇತಿ ಶಾಲೆಯ ಮುಖ್ಯಸ್ಥರಾಗಿದ್ದ ಚನ್ನಬಸಪ್ಪನವರಿಗೆ ಒಂದು ವಿಷಯ ಹೊಳೆದಿತ್ತು: ತರಬೇತಿ ಮುಗಿಸಿ ಊರಿಗೆ ಹೋದ ಮಾಸ್ತರ ಒಂಟಿಯಾಗುತ್ತಾನೆ. ಅವನ ಕೈಗೆ ಓದಲು ಏನಾದರೂ ಸಿಗುತ್ತಿರಬೇಕು. 1861ರಲ್ಲಿ ಅವರು ‘ಮಠಪತ್ರಿಕೆ’ ಶುರು ಮಾಡಿದರು. ಮಠ ಎಂದರೆ ಶಾಲೆ ಎಂದೇ ಜನ ತಿಳಿಯುತ್ತಿದ್ದರು. ಹೊಸ ಪತ್ರಿಕೆಗೆ ಅವರು ಹಳೆಯ ಮಾತನ್ನೇ ಆರಿಸಿಕೊಂಡರು. ಮುಂದೆ ಅದು ‘ಶಾಲಾಪತ್ರಿಕೆ’ಯಾಯಿತು, ಆಮೇಲೆ ‘ಜೀವನ ಶಿಕ್ಷಣ’. ಷೇಕ್ಸ್‌ಪಿಯರನ ‘ಕಾಮೆಡಿ ಆಫ್ ಎರರ್ಸ್’ ಅನ್ನು ‘ನಗದವರನ್ನು ನಗಿಸುವ ಕಥೆ’ ಎಂದು ಕನ್ನಡಕ್ಕೆ ತಂದವರೂ ಇವರೇ. ಮೇಷ್ಟ್ರಿಗೆ ಕಲಿಸುವುದೆಂದರೆ ಅವರ ಭಾಷೆಯನ್ನು ಗಟ್ಟಿ ಮಾಡುವುದು ಎಂದು ಅವರು ತಿಳಿದಿದ್ದರು.

ಇವನ್ನೆಲ್ಲ ನಾನು ಹುಡುಕತೊಡಗಿದ್ದಕ್ಕೆ ಒಂದು ಕಾರಣವಿದೆ. ಮಾಗಡಿ ತಾಲ್ಲೂಕಿನ ಕೆಂಪಾಪುರದ ಕಡೆಯ ಒಂದು ಶಾಲೆಗೆ ಹೊಸದಾಗಿ ಬಂದ ಮುಖ್ಯೋಪಾಧ್ಯಾಯಿನಿ, ಶಾಲೆ ತೆರೆಯುವ ಮುನ್ನ ತಮ್ಮ ಶಿಕ್ಷಕರಿಗೆ ಒಂದು ದಿನದ ತರಬೇತಿ ಇಟ್ಟಿದ್ದರು. ಊರ ಚರಿತ್ರೆ ಹೇಳಲು ನನ್ನನ್ನು ಕರೆದಿದ್ದರು. ಅಲ್ಲಿದ್ದ ಹೆಚ್ಚಿನವರು ಅವರಿಗಿಂತ ಹಿರಿಯರು. ಆಕೆ ಭಾಷಣ ಮಾಡಲಿಲ್ಲ. ‘ನಿಮಗೆ ತುಂಬಾ ಚೆನ್ನಾಗಿ ಬರೋ ಒಂದು ಪಾಠ ಹೇಳಿ ಸಾರ್, ನಾವು ಮಕ್ಕಳ ಥರ ಕೂತ್ಕೋತೀವಿ’ ಎಂದರು. ಸ್ವಲ್ಪ ಹೊತ್ತು ಯಾರೂ ಏಳಲಿಲ್ಲ. ಕೊನೆಗೆ ನಿವೃತ್ತಿಯ ಹೊಸ್ತಿಲಲ್ಲಿದ್ದ ಒಬ್ಬ ಮೇಷ್ಟ್ರು ಎದ್ದರು. ‘ಎಷ್ಟೋ ತರಬೇತಿ ಆಗೋಗಿದೆ ಮೇಡಂ. ಸಹಿ ಹಾಕಿದೀವಿ, ಊಟ ಮಾಡಿದೀವಿ. ನಿಮಗೇನು ಬರುತ್ತೆ ಅಂತ ಯಾರೂ ಕೇಳಿರ್ಲಿಲ್ಲ’ ಎಂದವರೇ ಎಲ್ಲರನ್ನೂ ಅಂಗಳಕ್ಕೆ ಕರೆದುಕೊಂಡು ಹೋದರು. 33 ಅಡಿಯ ಹಗ್ಗ ಹಿಡಿಸಿ ಚೌಕ ಹಾಕಿಸಿದರು. ಇದು ಒಂದು ಗುಂಟೆ, 1,089 ಚದರ ಅಡಿ. ಇಂಥವು 40 ಸೇರಿದರೆ ಎಕರೆ. ‘ಪುಸ್ತಕದಲ್ಲಿ ವಿಸ್ತೀರ್ಣ ಅಂದ್ರೆ ಮಕ್ಕಳು ಕಣ್ಣು ಬಿಡ್ತಾರೆ. ನಿಮ್ಮಪ್ಪನ ಹೊಲ ಎಷ್ಟು ಗುಂಟೆ ಅಂದ್ರೆ ಓಡೋಗಿ ಅಳೀತಾರೆ.’ ಆ ವರ್ಷವಷ್ಟೇ ಕೆಲಸಕ್ಕೆ ಸೇರಿದ್ದ ಗಣಿತದ ಟೀಚರ್ ಅದನ್ನು ಬರೆದುಕೊಳ್ಳುತ್ತಿದ್ದರು.

ಇದು ಆಕೆಯೊಬ್ಬರ ಜಾಣತನವಷ್ಟೇ ಅಲ್ಲ. ಇದಕ್ಕೆ ನಮ್ಮಲ್ಲೇ ಮೇಲ್ಪಂಕ್ತಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಶಿಕ್ಷಕರು ಆಂಧ್ರದ ಋಷಿ ವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳ ಕಲಿಕೆಯನ್ನು ನೋಡಿ ಬಂದರು. ಕಂಡದ್ದನ್ನು ತಮ್ಮ ಮಕ್ಕಳಿಗೆ, ತಮ್ಮ ಮಾತಿಗೆ ಒಗ್ಗಿಸಿ, ಕಲಿಕಾ ಕಾರ್ಡುಗಳನ್ನು ಮಾಡಿದರು. ‘ನಲಿ-ಕಲಿ’ ಹುಟ್ಟಿದ್ದು ಹಾಗೆ. ಮುಂದೆ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಮೇಲಿನಿಂದ ಇಳಿದ ಆದೇಶವಾದಾಗ ಅದರ ಹುರುಪು ಎಲ್ಲ ಕಡೆ ಉಳಿಯಲಿಲ್ಲ ಎಂದು ಶಿಕ್ಷಕರೇ ಹೇಳುತ್ತಾರೆ. ಅದರಲ್ಲಿ ಆಶ್ಚರ್ಯವಿಲ್ಲ. ತಾನು ಕಟ್ಟಿದ್ದನ್ನು ಕಲಿಸುವುದಕ್ಕೂ ಯಾರೋ ಕಟ್ಟಿಕೊಟ್ಟದ್ದನ್ನು ಒಪ್ಪಿಸುವುದಕ್ಕೂ ಅಜಗಜಾಂತರ.

ಕೆಂಪಾಪುರದ ಹೆಸರು ಪತ್ರಿಕೆಗಳಲ್ಲಿ ಬಂದದ್ದು 2015ರಲ್ಲಿ. ಅಲ್ಲಿನ ಹಳೆಯ ಕಲ್ಲುಕಟ್ಟಡ ಬೆಂಗಳೂರು ಕಟ್ಟಿದ ಕೆಂಪೇಗೌಡರ ಸಮಾಧಿ ಎಂದು ಅದರ ಬರಹದ ಆಧಾರದ ಮೇಲೆ ಗುರುತಿಸಿದಾಗ. ಊರಿನವರು ದಿನವೂ ಕಾಣುತ್ತಿದ್ದ ಕಲ್ಲು ಅದು. ಓದುವವರು ಬರುವ ತನಕ ಅದು ಬರೀ ಕಲ್ಲಾಗಿತ್ತು.

ರೈಸ್ ಕಲಿತದ್ದೂ ಇದನ್ನೇ. ಶಾಲೆಗಳ ತನಿಖೆಗೆಂದು ತಿರುಗುವಾಗ ಹಳ್ಳಿಗಳಲ್ಲಿ ನಿಂತ ಕಲ್ಲುಗಳು ಅವರ ಕಣ್ಣಿಗೆ ಬಿದ್ದವು. ಅವನ್ನು ಓದಲು ಅವರು ಇಲ್ಲಿನ ಪಂಡಿತರ ನೆರವು ಪಡೆದರು. ಸುಮಾರು 9,000 ಶಾಸನಗಳು ಬೆಳಕಿಗೆ ಬಂದವು. ಮಾಗಡಿ, ಚನ್ನಪಟ್ಟಣ, ಕನಕಪುರ ಸೀಮೆಯವು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 9ನೆಯ ಸಂಪುಟದಲ್ಲಿವೆ. ಮೇಷ್ಟ್ರುಗಳಿಗೆ ಕಲಿಸಲು ಹೊರಟ ಅಧಿಕಾರಿ, ಹಳ್ಳಿಗೆ ಗೊತ್ತಿದ್ದುದರ ಮುಂದೆ ತಾನೇ ವಿದ್ಯಾರ್ಥಿಯಾದರು. ಅವರ ಹೋಬಳಿ ಶಾಲೆಗಳನ್ನು ಇಂದು ನೆನೆಯುವವರು ಕಡಿಮೆ. ಶಾಸನ ಸಂಪುಟಗಳನ್ನು ಮಾತ್ರ ನಾವು ಇನ್ನೂ ಕೈಗೆತ್ತಿಕೊಳ್ಳುತ್ತಿದ್ದೇವೆ.