ಬ್ಲಾಕೇಜ್ ಇಲ್ಲದಿದ್ದರೂ ಬೊಜ್ಜು ಹೃದಯವನ್ನು ಕೆಡಿಸುವುದು ಹೇಗೆ?

ಶುಂಠಿ, ಬೆಳ್ಳುಳ್ಳಿ, ನಿಂಬೆರಸವನ್ನು ಸೇಬಿನ ವಿನೆಗರ್ ಜೊತೆ ಕಾಯಿಸಿ, ಆರಿದ ಮೇಲೆ ಜೇನು ಬೆರೆಸಿ ಖಾಲಿ ಹೊಟ್ಟೆಗೆ ಕುಡಿದರೆ ಹೃದಯದ ಬ್ಲಾಕೇಜ್ ಕರಗುತ್ತದೆ ಎಂಬ ಸಂದೇಶ ವರ್ಷಗಳಿಂದ ವಾಟ್ಸಾಪ್‌ನಲ್ಲಿ ಸುತ್ತುತ್ತಿದೆ. ಕರಗುವುದಿಲ್ಲ. ರಕ್ತನಾಳದ ಗೋಡೆಯೊಳಗೇ ಬೆಳೆದ ಕೊಬ್ಬಿನ ಗಂಟು ಕಷಾಯಕ್ಕೆ ತೊಳೆದುಹೋಗುವ ಜಿಡ್ಡಲ್ಲ. ಈ ಫಾರ್ವರ್ಡ್‌ನಲ್ಲಿ ಇನ್ನೂ ಒಂದು ತಪ್ಪು ತಿಳಿವಳಿಕೆ ಇದೆ, ಅದನ್ನು ಪ್ರಶ್ನಿಸುವವರು ಕಡಿಮೆ. ದಪ್ಪಗಿರುವವರಿಗೆ ಹೃದಯದ ಅಪಾಯ ಎಂದರೆ ಬ್ಲಾಕೇಜ್ ಮಾತ್ರ, ಅದೊಂದು ಇಲ್ಲದಿದ್ದರೆ ನಿಶ್ಚಿಂತೆ ಎಂಬ ನಂಬಿಕೆ ಅದು. ನಿಜವೇನೆಂದರೆ, ಬೊಜ್ಜು ಹೃದಯದ ಸ್ನಾಯುಕೋಶಗಳನ್ನು ನೇರವಾಗಿಯೂ ಕೆಡಿಸುತ್ತದೆ.

2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯಿಂದ ಹಠಾತ್ ಸಾವಿನ ಸುದ್ದಿಗಳು ಬಂದಾಗ ಜನ ಹೆದರಿ ತಪಾಸಣೆಗೆ ಜಯದೇವ ಆಸ್ಪತ್ರೆಗಳ ಮುಂದೆ ಸಾಲು ನಿಂತರು. ಕೋವಿಡ್ ಲಸಿಕೆಯೇ ಕಾರಣ ಎಂಬ ಸಂದೇಶಗಳೂ ಹರಿದಾಡಿದವು. ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿಗೆ ಲಸಿಕೆಯ ನಂಟು ಕಾಣಲಿಲ್ಲ. ಕಂಡದ್ದು ಸಕ್ಕರೆ ಕಾಯಿಲೆ, ಬಿಪಿ, ಧೂಮಪಾನದಂಥ ಹಳೆಯ ಪರಿಚಿತರೇ. ಬೊಜ್ಜು ಈ ಗುಂಪಿನದೇ ಸದಸ್ಯ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 5ನೇ ಸುತ್ತಿನ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 30 ಜನ ಅತಿತೂಕದವರು. ಇದರಲ್ಲಿ ಹೆಣ್ಣು, ಗಂಡು ಹೆಚ್ಚುಕಡಿಮೆ ಸಮಸಮ.

ಕೋಶದೊಳಗೆ ಏನಾಗುತ್ತದೆ?

ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಅದಕ್ಕೆ ಬೇಕಾದ ಶಕ್ತಿ ತಯಾರಾಗುವುದು ಮೈಟೊಕಾಂಡ್ರಿಯಾ ಎಂಬ ಪುಟ್ಟ ಒಲೆಗಳಲ್ಲಿ. ಹೃದಯದ ಸ್ನಾಯುಕೋಶದ ಸುಮಾರು ಮೂರನೇ ಒಂದು ಭಾಗ ಜಾಗವನ್ನು ಇವೇ ತುಂಬಿಕೊಂಡಿರುತ್ತವೆ. ಆರೋಗ್ಯವಂತ ಹೃದಯ ಕೂಡ ಅರ್ಧಕ್ಕಿಂತ ಹೆಚ್ಚು ಶಕ್ತಿಯನ್ನು ಕೊಬ್ಬಿನಾಮ್ಲಗಳಿಂದಲೇ ಪಡೆಯುತ್ತದೆ. ಹಾಗಾಗಿ ಕೊಬ್ಬು ಹೃದಯಕ್ಕೆ ವಿಷವೇನಲ್ಲ, ದಿನದ ಊಟ. ಜೊತೆಗೆ ಸಂದರ್ಭ ನೋಡಿ ಸಕ್ಕರೆಯನ್ನೂ ಉರಿಸುತ್ತದೆ.

ಬೊಜ್ಜು ಬಂದಾಗ ಈ ಹೊಂದಾಣಿಕೆ ತಪ್ಪುತ್ತದೆ. ರಕ್ತದಲ್ಲಿ ಕೊಬ್ಬಿನಾಮ್ಲ ಜಾಸ್ತಿಯಾಗಿ ಕೋಶದೊಳಕ್ಕೆ ನುಗ್ಗುತ್ತದೆ. ಇನ್ಸುಲಿನ್ ಮಾತು ಕೋಶ ಕೇಳದೆ ಸಕ್ಕರೆಯ ಬಳಕೆ ಕುಗ್ಗುತ್ತದೆ. ಅಡಿಕೆ ಬೇಯಿಸುವ ಒಲೆಗೆ ಸೌದೆಯನ್ನು ಒಟ್ಟಿಗೇ ತುರುಕಿದರೆ ಉರಿಗಿಂತ ಹೊಗೆಯೇ ಹೆಚ್ಚಲ್ಲವೇ? ಇಲ್ಲೂ ಹಾಗೆಯೇ. ಕೊಬ್ಬು ಉರಿಸಲು ಅಷ್ಟೇ ಶಕ್ತಿಗೆ ಸಕ್ಕರೆಗಿಂತ ಹೆಚ್ಚು ಆಮ್ಲಜನಕ ಬೇಕು. ಉರಿಯದೆ ಉಳಿದದ್ದು ಕೋಶದಲ್ಲಿ ಹನಿಹನಿಯಾಗಿ ಶೇಖರವಾಗುತ್ತದೆ. ಅದರಲ್ಲಿ ಒಂದಷ್ಟು ಸೆರಮೈಡ್‌ನಂಥ ಪದಾರ್ಥಗಳಾಗಿ ಮಾರ್ಪಟ್ಟು ಮೈಟೊಕಾಂಡ್ರಿಯಾಕ್ಕೇ ಹಾನಿ ಮಾಡುತ್ತದೆ, ಕೋಶವನ್ನು ಸಾವಿನ ಕಡೆಗೂ ತಳ್ಳಬಲ್ಲದು.

ಶಕ್ತಿ ಕಡಿಮೆಯಾದಾಗ ಹೃದಯಕ್ಕೆ ಕಷ್ಟವಾಗುವುದು ಹಿಂಡುವುದರಲ್ಲಿ ಎಂದು ನಾವು ಅಂದುಕೊಳ್ಳುತ್ತೇವೆ. ಮೊದಲು ಕೈಕೊಡುವುದು ಸಾಮಾನ್ಯವಾಗಿ ಸಡಿಲವಾಗುವ ಕೆಲಸ. ಕ್ಯಾಲ್ಸಿಯಂ ಒಳಗೆ ಬಿಡುಗಡೆಯಾದರೆ ಸ್ನಾಯುಕೋಶ ಬಿಗಿಯುತ್ತದೆ, ಅದನ್ನು ವಾಪಸ್ ತುಂಬಿಟ್ಟರೆ ಸಡಿಲವಾಗುತ್ತದೆ. ವಾಪಸ್ ತುಂಬುವ ಪಂಪಿಗೂ ಶಕ್ತಿ ಬೇಕು. ಅದು ನಿಧಾನವಾದರೆ ಹೃದಯ ಪೂರ್ತಿ ಹಿಗ್ಗುವ ಮೊದಲೇ ಮುಂದಿನ ಬಡಿತ ಬಂದುಬಿಡುತ್ತದೆ. ಕೋಶಗಳ ನಡುವೆ ನಾರಿನಂಥ ಗಾಯದ ಅಂಗಾಂಶವೂ ಬೆಳೆದರೆ ಗೋಡೆ ಗಡುಸಾಗುತ್ತದೆ.

ಹೊರಗಿನ ಒತ್ತಡ ಬೇರೆ. ಮೈ ಬೆಳೆದಷ್ಟೂ ಓಡಾಡಬೇಕಾದ ರಕ್ತ ಹೆಚ್ಚು, ಎಡ ಹೃತ್ಕುಕ್ಷಿ ದಪ್ಪವಾಗುತ್ತದೆ. ಹೃದಯದ ಮೇಲ್ಮೈಗೇ ಅಂಟಿಕೊಂಡ ಕೊಬ್ಬಿಗೂ ಸ್ನಾಯುವಿಗೂ ನಡುವೆ ಪರದೆಯೇ ಇಲ್ಲ. ಆ ಕೊಬ್ಬು ಹೆಚ್ಚಾದಾಗ ಉರಿಯೂತದ ರಾಸಾಯನಿಕಗಳು ಸೀದಾ ಪಕ್ಕದ ಸ್ನಾಯುವಿಗೆ ಇಳಿಯುತ್ತವೆ.

‘ಇಎಫ್ 60, ಏನೂ ತೊಂದರೆ ಇಲ್ಲ’

ದುರ್ಗಿಗುಡಿಯ ಅಂಗಡಿಯಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಕೂತೇ ವ್ಯಾಪಾರ ಮಾಡುವ ಐವತ್ತರ ಒಬ್ಬರನ್ನು ಊಹಿಸಿಕೊಳ್ಳಿ. ಮಹಡಿಯಿಂದ ಮಾಲು ತರುವಾಗ ಏದುಸಿರು, ಸಂಜೆ ಪಾದಗಳಲ್ಲಿ ಊತ. ‘ದಪ್ಪ ಆಗಿದೀನಿ, ಅದಕ್ಕೇ’ ಅನ್ನುತ್ತಾರೆ. ಎಕೋ ಮಾಡಿಸಿದರೆ ಇಎಫ್ 60. ಆದರೆ ಈ ಅಂಕಿ ಹೇಳುವುದು ತುಂಬಿದ ರಕ್ತದಲ್ಲಿ ನೂರಕ್ಕೆ ಎಷ್ಟು ಹೊರಹೋಯಿತು ಎಂಬುದನ್ನು. ತುಂಬುವುದಕ್ಕೆ ಹೃದಯ ಎಷ್ಟು ಕಷ್ಟಪಟ್ಟಿತು ಎಂಬುದನ್ನು ಹೇಳುವುದಿಲ್ಲ. ಇಎಫ್ ಸರಿಯಿದ್ದೂ ಹೃದಯ ಸೋಲುವ ಈ ಸ್ಥಿತಿ ಬೊಜ್ಜಿರುವವರಲ್ಲಿ ಹೆಚ್ಚು. ಹೃದಯ ವೈಫಲ್ಯ ಪತ್ತೆಗೆ ಮಾಡುವ ಬಿಎನ್‌ಪಿ ರಕ್ತಪರೀಕ್ಷೆಯೂ ಇವರಲ್ಲಿ ನಿರೀಕ್ಷೆಗಿಂತ ಕಡಿಮೆ ಅಂಕಿ ತೋರಿಸಿ ದಾರಿ ತಪ್ಪಿಸಬಹುದು. ಎಕೋ ವರದಿಯಲ್ಲಿ ‘ಗ್ರೇಡ್ 1 ಡಯಾಸ್ಟಾಲಿಕ್ ಡಿಸ್‌ಫಂಕ್ಷನ್’ ಎಂದು ಕಂಡ ತಕ್ಷಣ ಗಾಬರಿಯೂ ಬೇಡ. ವಯಸ್ಸಾದಂತೆ ಅದು ಬಹಳ ಜನರಲ್ಲಿ ಕಾಣುತ್ತದೆ. ಜೊತೆಗೆ ಏದುಸಿರು, ಊತ ಇದ್ದರೆ ಮಾತ್ರ ವೈದ್ಯರನ್ನು ಬಿಡದೆ ಕೇಳಿ.

ಸತೀಶ್ ಕೆಂಚಯ್ಯ ಮತ್ತು ಸಂಗಡಿಗರು ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನ 5,881 ಜನರ ಮಾಹಿತಿ ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಎಂಐ ಒಂದೊಂದು ಅಂಕ ಏರಿದಂತೆ ಹೃದಯ ವೈಫಲ್ಯದ ಅಪಾಯ ಗಂಡಸರಲ್ಲಿ ಶೇ 5, ಹೆಂಗಸರಲ್ಲಿ ಶೇ 7ರಷ್ಟು ಏರಿತ್ತು. ಬಿಪಿ, ಕೊಲೆಸ್ಟರಾಲ್‌ನಂಥವುಗಳ ಪಾಲನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಉಳಿದ ಏರಿಕೆ ಇದು.

ಇಷ್ಟೆಲ್ಲ ಹೇಳಿದ ಮೇಲೆ ಒಳ್ಳೆಯ ಸುದ್ದಿಯನ್ನೂ ಹೇಳಬೇಕು. ತೂಕ ಇಳಿದರೆ ಹೃದಯಕೋಶದಲ್ಲಿ ಶೇಖರವಾದ ಕೊಬ್ಬು ಕಡಿಮೆಯಾಗುವುದನ್ನು, ದಪ್ಪವಾಗಿದ್ದ ಗೋಡೆ ತೆಳುವಾಗುವುದನ್ನು ಸ್ಕ್ಯಾನ್‌ಗಳಲ್ಲಿ ನೋಡಿದ್ದಾರೆ. ಇಎಫ್ ಸರಿಯಿದ್ದೂ ಹೃದಯ ವೈಫಲ್ಯವಿದ್ದ 529 ಸ್ಥೂಲಕಾಯರ ಮೇಲೆ ನಡೆದ 2023ರ ಪ್ರಯೋಗದಲ್ಲಿ, ಸೆಮಾಗ್ಲುಟೈಡ್ ಇಂಜೆಕ್ಷನ್ ಪಡೆದವರ ತೂಕ ಒಂದು ವರ್ಷದಲ್ಲಿ ಸರಾಸರಿ ಶೇ 13ರಷ್ಟು ಇಳಿದು ಏದುಸಿರಿನ ತೊಂದರೆಯೂ ತಗ್ಗಿತು. ಇದನ್ನು ಓದಿ ಮೆಡಿಕಲ್ ಶಾಪಿಗೆ ಓಡಬೇಡಿ. ಅಡ್ಡಪರಿಣಾಮಗಳಿವೆ, ವೈದ್ಯರ ಚೀಟಿ ಬೇಕು.

ಮೊದಲ ಪರೀಕ್ಷೆಗೆ ಟೈಲರ್ ಟೇಪು ಸಾಕು. ಭಾರತೀಯರಿಗೆ ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ದಾಟಬಾರದು. ಬಿಎಂಐ 23ಕ್ಕೇ ಎಚ್ಚರಿಕೆ ಶುರು, ವಿದೇಶಿ ಆ್ಯಪ್‌ಗಳು ಸಾಮಾನ್ಯವಾಗಿ ತೋರಿಸುವ 25ಕ್ಕಲ್ಲ. ಅಳತೆ ದಾಟಿದ್ದು, ನಡೆದರೆ ಏದುಸಿರು ಬರುತ್ತಿದ್ದರೆ, ಮಲಗಿದಾಗ ಉಸಿರು ಕಟ್ಟಿದಂತಾಗಿ ಎದ್ದು ಕೂರುವಂತಿದ್ದರೆ, ಮೆಗ್ಗಾನ್‌ಗೋ ಹತ್ತಿರದ ಇನ್ನಾವುದಾದರೂ ಆಸ್ಪತ್ರೆಗೋ ಹೋದಾಗ ಇಸಿಜಿ ಚೀಟಿ ಹಿಡಿದು ಹಿಂತಿರುಗದೆ ಇದಿಷ್ಟನ್ನೂ ವೈದ್ಯರಿಗೆ ಹೇಳಿ, ಎಕೋ ಬೇಕೇ ಎಂದು ಕೇಳಿ.