ಬೇಲಿಯೇ ಹೊಲ ಮೇಯ್ದ ಕಥೆ

ಮಳೆಗಾಲ ಮೊದಲಾಯಿತೆಂದರೆ ನಮ್ಮ ಕೈತೋಟಗಳಲ್ಲಿ ಅಂಗೈಯುದ್ದದ ಬಸವನಹುಳುಗಳು ಹರಿದಾಡತೊಡಗುತ್ತವೆ. ಇವು ನಮ್ಮ ನಾಡಿನವಲ್ಲ, ಪೂರ್ವ ಆಫ್ರಿಕದವು. ಚಿಪ್ಪುಗಳ ಅಭ್ಯಾಸಿಯಾದ ಬೆನ್ಸನ್ ಎಂಬಾತನು 1847ರಲ್ಲಿ ಮಾರಿಷಸ್ಸಿನಿಂದ ಇವನ್ನು ತಂದು ಕಲ್ಕತ್ತೆಯ ತೋಟವೊಂದರಲ್ಲಿ ಬಿಟ್ಟನು. ಇದೇ ಹುಳು ಶಾಂತಸಾಗರದ ದ್ವೀಪಗಳನ್ನೂ ಹೊಕ್ಕಿತು. ಅಲ್ಲಿ ನಡೆದದ್ದನ್ನು ವಾಚಕರು ಅರಿಯತಕ್ಕದ್ದು.

ತಾಹಿತಿ, ಮೊರೆಯ ಮೊದಲಾದ ದ್ವೀಪಗಳ ಕಾಡುಗಳಲ್ಲಿ ಪಾರ್ಟುಲ ಎಂಬ ಕಿರುಬಸವನಹುಳುಗಳಿದ್ದುವು. ಉಗುರಿನಷ್ಟು ಗಾತ್ರ, ಮೊಟ್ಟೆಯಿಡದೆ ಮರಿ ಹಾಕುವ ಸ್ವಭಾವ. ಕೊಳೆಯುವ ಎಲೆಗಳೂ ಪಾಚಿಯೂ ಇವುಗಳ ಆಹಾರ. ದ್ವೀಪವಾಸಿಗಳು ಇವುಗಳ ಚಿಪ್ಪನ್ನು ಪೋಣಿಸಿ ಹಾರ ಮಾಡುತ್ತಿದ್ದರು. ಕಣಿವೆಯಿಂದ ಕಣಿವೆಗೆ ಚಿಪ್ಪಿನ ಬಣ್ಣ, ಆಕಾರಗಳು ಬೇರೆ. ಅಮೆರಿಕದ ವಿಜ್ಞಾನಿ ಹೆನ್ರಿ ಕ್ರ್ಯಾಂಪ್ಟನ್ 1906ರಲ್ಲಿ ಆರಂಭಿಸಿ, ದಶಕಗಳ ಕಾಲ ಇವುಗಳನ್ನೇ ಅಳೆದು ಬರೆದಿಟ್ಟರು. ಜೀವಜಾತಿಗಳು ಕವಲೊಡೆಯುವ ಬಗೆಗೆ ಆ ಕಾಡೇ ಒಂದು ಪಾಠಶಾಲೆಯಾಗಿತ್ತು.

1967ರಲ್ಲಿ ಆಹಾರಕ್ಕೆಂದು ಆಫ್ರಿಕದ ಹುಳು ತಾಹಿತಿಗೆ ಬಂದಿತು, ತೋಟಗಳನ್ನು ಹಾಳುಮಾಡಿತು. ಅದನ್ನು ತಿನ್ನಲೆಂದು 1974ರಲ್ಲಿ ಯೂಗ್ಲಾಂಡಿನ ಎಂಬ ಮಾಂಸಾಹಾರಿ ಬಸವನಹುಳುವನ್ನು ತಾಹಿತಿಯಲ್ಲಿಯೂ, 1977ರಲ್ಲಿ ಮೊರೆಯದಲ್ಲಿಯೂ ಬಿಟ್ಟರು. ಕಾವಲಿಗೆ ಬಂದುದು ಕಳ್ಳನ ಗೊಡವೆ ಬಿಟ್ಟು ಮನೆಯ ಮಕ್ಕಳನ್ನೇ ಹಿಡಿಯಿತು. ಹತ್ತು ವರ್ಷ ತುಂಬುವಷ್ಟರಲ್ಲಿ ಮೊರೆಯದ ಏಳು ಪಾರ್ಟುಲ ಜಾತಿಗಳೂ ಕಾಡಿನಿಂದ ಮರೆಯಾದುವು.

ಅದೃಷ್ಟವಶಾತ್ ಸಂಶೋಧಕರು ಅಷ್ಟರಲ್ಲಿಯೇ ಕೆಲವನ್ನು ಹಿಡಿದು ಲಂಡನ್ ಮೊದಲಾದ ಮೃಗಾಲಯಗಳಿಗೆ ಒಯ್ದಿದ್ದರು. ಆದರೆ ಸಾಕಿದ್ದೆಲ್ಲ ಉಳಿಯಲಿಲ್ಲ. ಪಾರ್ಟುಲ ಟರ್ಜಿಡ ಎಂಬ ಜಾತಿಯ ಕಡೆಯ ಹುಳು 1996ರಲ್ಲಿ ಲಂಡನ್ನಿನಲ್ಲಿ ಸತ್ತಿತು. ಉಳಿದವನ್ನು ತಲೆಮಾರುಗಳವರೆಗೆ ಡಬ್ಬಿಗಳಲ್ಲಿ ಬೆಳೆಸಿ, 2015ರಿಂದ ಚಿಪ್ಪಿಗೆ ಬಣ್ಣದ ಚುಕ್ಕೆಯಿಟ್ಟು ಮೂಲದ ಕಾಡಿಗೆ ಬಿಡುತ್ತ ಬಂದಿದ್ದಾರೆ. 2024ರಲ್ಲಿ ಮೊರೆಯದಲ್ಲಿ ಚುಕ್ಕೆಯಿಲ್ಲದ ದೊಡ್ಡ ಹುಳುವೊಂದು ಸಿಕ್ಕಿತು. ಅದು ಡಬ್ಬಿಯಲ್ಲಿ ಹುಟ್ಟಿದುದಲ್ಲ, ಕಾಡಿನಲ್ಲಿಯೇ ಹುಟ್ಟಿ ಬೆಳೆದದ್ದು!

ಹುಳುವನ್ನು ಉಳಿಸುವುದೆಂದರೆ ಅದರ ಕಾಡನ್ನೂ ಉಳಿಸುವುದು. ಕಾಡಿಲ್ಲದಿದ್ದರೆ ಡಬ್ಬಿಯ ಹುಳು ಎಂದೆಂದಿಗೂ ಡಬ್ಬಿಯ ಹುಳುವೇ. ನಮ್ಮ ಪಶ್ಚಿಮ ಘಟ್ಟದ ತರಗೆಲೆಗಳ ಅಡಿಯಲ್ಲಿಯೂ ಬೇರೆಲ್ಲಿಯೂ ಕಾಣಸಿಗದ ಬಸವನಹುಳುಗಳಿವೆ. ಬಸವನ ಹೆಸರಿಟ್ಟು ಕರೆದ ಜೀವಿಯನ್ನು ಹೆಸರಿನಲ್ಲಿ ಮಾತ್ರ ಉಳಿಸಿಕೊಂಡರೆ ನಮಗೆ ಶೋಭೆಯಲ್ಲ.